ಕುದುರೆ ಬಂಡಿ ನಿಲ್ಲುವ ಹೋಟ್ಲು

ಪ್ರಶ್ನೆ: ಇಂಗ್ಲಿಷ್ ಪಿಚ್ಚರಲ್ಲಿ ನಾಲ್ಕಾರು ಕುದುರೆ ಕಟ್ಟಿದ ಬಂಡಿ ಹಳ್ಳಿ ಹೋಟ್ಲೆದುರು ನಿಲ್ಲುದು ಕಾಣ್ತದಲ್ಲ, ನಿಜಕ್ಕೂ ಹಾಗೆ ಇತ್ತಾ?
– ಓದುಗರು, ಕುಂಬಳೆ

ಉತ್ತರ: ಇತ್ತು ಮಾರಾಯ್ರೆ, ಆದ್ರೆ ಪಿಚ್ಚರಿನಷ್ಟು ಗಮ್ಮತ್ತು ಇರ್ಲಿಲ್ಲ. ದಾರಿಯನ್ನ ತುಂಡು ತುಂಡು ಮಾಡಿ ಹತ್ತು ಹದಿನೈದು ಮೈಲಿಗೊಮ್ಮೆ ಕುದುರೆ ಬದಲಿಸ್ತಿದ್ರು, ಒಂದೊಂದು ತುಂಡಿಗೆ ‘ಸ್ಟೇಜ್’ ಅಂತಿದ್ರು, ಅದಕ್ಕೇ ಬಂಡಿಗೆ ಸ್ಟೇಜ್‌ಕೋಚ್ ಅಂತ ಹೆಸ್ರು. ಅಮೆರಿಕದಲ್ಲಿ 1858ರಲ್ಲಿ ಸುರುವಾದ ಬಟರ್‌ಫೀಲ್ಡ್ ಟಪಾಲು ಬಂಡಿ ಮಿಸೌರಿಯಿಂದ ಸ್ಯಾನ್‌ಫ್ರಾನ್ಸಿಸ್ಕೋಕ್ಕೆ ಹಗಲು ರಾತ್ರಿ ಓಡಿ ಸುಮಾರು 25 ದಿನ ತಗೊಳ್ತಿತ್ತು, ಬಂಡಿಯ ಅಡಿಗೆ ಸ್ಪ್ರಿಂಗ್ ಬದಲು ದಪ್ಪ ಚರ್ಮದ ಪಟ್ಟಿ ಬೇರೆ, ತೊಟ್ಟಿಲ ಹಾಗೆ ತೂಗಿ ಕೆಲವರಿಗೆ ವಾಂತಿಯೇ (ನಮ್ಮ ಘಾಟಿ ಬಸ್ಸು ನೆನಪಾಯ್ತಾ!). ಹಳ್ಳಿ ಹೋಟ್ಲಲ್ಲಿ ಗುರ್ತಿಲ್ಲದವರ ಜೊತೆ ಒಂದೇ ಮಂಚ ಹಂಚಿಕೊಳ್ಳುದೂ ಮಾಮೂಲು. ರೈಲು ಬಂದ ಮೇಲೆ ಈ ಬಂಡಿಗಳು ಮೂಲೆ ಸೇರಿದ್ವು; ಮಂಗ್ಳೂರಿಗೆ ನಮ್ಮೂರ ಮೇಲಿಂದ ರೈಲು ಮುಟ್ಟಿದ್ದು 1907ರಲ್ಲಿ, ಅದಕ್ಕೆ ಮುಂಚೆ ಇಲ್ಲಿ ಎತ್ತಿನಗಾಡಿ, ಹೊಳೆ ಬಂದ್ರೆ ದೋಣಿ.