ಮುಂಬಯಿಯಲ್ಲಿದ್ದು ಕನ್ನಡ ಬರಹಗಾರರ ವಾಟ್ಸ್‌ಆ್ಯಪ್ ಬಳಗ ಸೇರುವುದು ಹೇಗೆ?

ಡೊಂಬಿವಲಿಯಲ್ಲಿ ಕುಳಿತು ಕಥೆ ಬರೆಯುತ್ತೇನೆ, ಓದಿ ಹೇಳುವವರಿಲ್ಲ ಎಂದಿದ್ದೀರಿ. ಫೇಸ್‌ಬುಕ್ಕಿನಲ್ಲಿ ಕೊಂಡಿ ಹುಡುಕುವ ಬದಲು ಮಾಟುಂಗದ ಮೈಸೂರು ಅಸೋಸಿಯೇಷನ್‌ನ ಅಥವಾ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗದ ಯಾವುದಾದರೂ ಕಾರ್ಯಕ್ರಮಕ್ಕೆ ಹೋಗಿ. ಚಹಾ ಮುಗಿಯುವಷ್ಟರಲ್ಲಿ ಯಾರಾದರೂ ನಿಮ್ಮ ನಂಬರ್ ಕೇಳಿರುತ್ತಾರೆ.

ವಾಟ್ಸ್‌ಆ್ಯಪ್ ಗುಂಪಿಗೆ 1,024 ಜನರವರೆಗೆ ಸೇರಬಹುದು, ನಿಮ್ಮ ನಂಬರ್ ಎಲ್ಲರಿಗೂ ಕಾಣುತ್ತದೆ. ಅದು ಬೇಡವೆನಿಸಿದರೆ ಟೆಲಿಗ್ರಾಂ ಒಳ್ಳೆಯದು. ಅಲ್ಲಿ ನಂಬರ್ ಮರೆಮಾಡಬಹುದು.

ಆದರೆ ದೊಡ್ಡ ಗುಂಪು ಎಂದರೆ ದೊಡ್ಡ ಓದುಗ ಬಳಗ ಎಂದುಕೊಳ್ಳಬೇಡಿ. ನಾನಿದ್ದ ಒಂದು ಗುಂಪಿನಲ್ಲಿ ಹನ್ನೆರಡು ಪುಟದ ಕಥೆ ಹಾಕಿದ ಒಂದೇ ನಿಮಿಷಕ್ಕೆ ನಾಲ್ಕು ಹೆಬ್ಬೆರಳು ಬಂದವು! ಈಗ ನಾವು ಎಂಟು ಜನ ಪ್ರತ್ಯೇಕ ಗುಂಪು ಮಾಡಿಕೊಂಡಿದ್ದೇವೆ. ವಾರಕ್ಕೆ ಒಬ್ಬರ ಸರದಿ. ಉಳಿದವರು ಲೋಕಲ್ ರೈಲಿನಲ್ಲಿ ಓದಿ ಭಾನುವಾರದೊಳಗೆ ಎಲ್ಲಿ ಬೇಸರವಾಯಿತು ಎಂದು ಹೇಳಲೇಬೇಕು. "ಚೆನ್ನಾಗಿದೆ" ಎಂದಷ್ಟೇ ಬರೆಯುವಂತಿಲ್ಲ. ಸೀಟು ಸಿಕ್ಕ ದಿನ ಟಿಪ್ಪಣಿ ಉದ್ದವಾಗಿರುತ್ತದೆ.

ಪತ್ರಿಕೆಗೆ ಅಥವಾ ಸ್ಪರ್ಧೆಗೆ ಕಳುಹಿಸುವ ಕಥೆಯನ್ನು ದೊಡ್ಡ ಗುಂಪಿನಲ್ಲಿ ಇಡಿಯಾಗಿ ಹಾಕಬೇಡಿ. ಸಾಮಾಜಿಕ ಜಾಲತಾಣದಲ್ಲಿ ಬಂದದ್ದನ್ನೂ ಪ್ರಕಟಿತವೆಂದೇ ಪರಿಗಣಿಸುವವರಿದ್ದಾರೆ. ಹಳೆಯ 'ನುಡಿ' ತಂತ್ರಾಂಶದ ಅಕ್ಷರದಲ್ಲಿ ಟೈಪಿಸಿದ್ದರೆ ಮೊದಲು ಮೊಬೈಲಿನಲ್ಲೂ ಸರಿಯಾಗಿ ಕಾಣುವ ಯುನಿಕೋಡ್‌ಗೆ ಬದಲಿಸಿ. ಇಲ್ಲದಿದ್ದರೆ ಮೊಬೈಲಿನಲ್ಲಿ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಕಿಚಡಿಯಾಗಿ ಕಾಣುತ್ತದೆ.