ಗಾಳಿಗಿಂತ ಮೊದಲು ನೆಲ

ಮದ್ದೂರಿನ ಓದುಗರೊಬ್ಬರ ಪತ್ರ: "ಕಡಲಲ್ಲಿ ಗಾಳಿಯಂತ್ರ ನಿಲ್ಲಿಸಲು ಎರಡು ಬಂದರುಗಳಿಗೇ 600 ಕೋಟಿಯಂತೆ. ಬಂದರುಗಳು ಆಗಲೇ ಇವೆ, ಹಡಗೂ ಬರುತ್ತವೆ. ಸಾಮಾನು ಇಳಿಸಿಕೊಂಡರಾಯಿತು. ಮೀನುಗಾರರ ಹೊಟ್ಟೆಗೆ ಹೊಡೆಯುವ ಬದಲು ಆ ದುಡ್ಡಲ್ಲಿ ನಮ್ಮ ವಿ.ಸಿ. ನಾಲೆಯ ತೂಬು ಸರಿಮಾಡಬಾರದೇ?"

ಮಾನ್ಯರೇ, ಮೀನುಗಾರರ ಆತಂಕ ನ್ಯಾಯವಾದದ್ದು. ಅವರನ್ನು ಕೇಳಿಯೇ ದೋಣಿಯ ದಾರಿ ಬಿಡಬೇಕು. ಆದರೆ "ಇಳಿಸಿಕೊಂಡರಾಯಿತು" ಎಂದಿರಲ್ಲ, ಅಲ್ಲಿ ಎಡವಿದಿರಿ.

ಧಕ್ಕೆ ಎಂದರೆ ಹಡಗು ತಾಗಿ ನಿಲ್ಲುವ ಕಟ್ಟೆ. ಸಾಮಾನ್ಯ ಸರಕಿನ ಧಕ್ಕೆ ಚದರ ಮೀಟರಿಗೆ ಮೂರರಿಂದ ಐದು ಟನ್ ಹೊರುತ್ತದೆ. ಕಡಲ ಗಾಳಿಯಂತ್ರದ ಧಕ್ಕೆ 15ರಿಂದ 25 ಟನ್ ಹೊರಬೇಕು, ದೊಡ್ಡ ಕ್ರೇನ್ ನಿಲ್ಲುವ ಕಡೆ ಇನ್ನೂ ಹೆಚ್ಚು. 15 ಮೆಗಾವಾಟ್ ಯಂತ್ರದ ಒಂದು ರೆಕ್ಕೆಯೇ ಸುಮಾರು 115 ಮೀಟರ್. ಹೊಲ ಅಳೆಯುವ 33 ಅಡಿ ಸರಪಳಿಯನ್ನು ಹನ್ನೊಂದು ಸಲ ಎಳೆದರೂ ತುದಿ ಸಿಗದು. ಶಿರಾಡಿ ಘಾಟಿಯ ತಿರುವಿನಲ್ಲಿ ಇದನ್ನು ತಿರುಗಿಸುವವರು ಯಾರು? ರೆಕ್ಕೆಯ ಕಾರ್ಖಾನೆಯೇ ಧಕ್ಕೆಯ ಮಗ್ಗುಲಿಗೆ ಬರಬೇಕಾಗುತ್ತದೆ.

ಕಡಲಂಚಿನಲ್ಲಿ ಮಣ್ಣು ತುಂಬಿ ಮಾಡಿದ ಜಾಗದ ಅಡಿಯಲ್ಲಿ ಬಹಳ ಕಡೆ ಮೆದು ಜೇಡಿ. ಅದಕ್ಕೆ ಒಂದು, ಒಂದೂವರೆ ಮೀಟರಿಗೊಂದರಂತೆ ನೀರು ಬಸಿಯುವ ಪ್ಲಾಸ್ಟಿಕ್ ಪಟ್ಟಿಗಳನ್ನು ಆಳಕ್ಕೆ ಇಳಿಸಿ, ಮೇಲೆ ಆಳೆತ್ತರಕ್ಕೂ ಮೀರಿ ಮಣ್ಣು ಹೇರಿ ತಿಂಗಳುಗಟ್ಟಲೆ ಬಿಡುತ್ತಾರೆ. ಭಾರಕ್ಕೆ ಜೇಡಿಯ ನೀರು ಪಟ್ಟಿ ಹಿಡಿದು ಮೇಲೆ ಬರುತ್ತದೆ, ನೆಲ ಕುಗ್ಗಿ ಗಟ್ಟಿಯಾಗುತ್ತದೆ. ಒಳಗಿನ ನೀರಿನ ಒತ್ತಡ ಅಳೆದು, ಅದು ಇಳಿದ ಮೇಲೆಯೇ ಮಣ್ಣು ತೆಗೆಯಬೇಕು. ಉದ್ಘಾಟನೆಯ ತಾರೀಕು ಬಂತೆಂದು ಮೊದಲೇ ತೆಗೆದರೆ ಕುಸಿತ ಆಮೇಲೆ, ಕ್ರೇನಿನ ಅಡಿಯಲ್ಲಿ ಆಗುತ್ತದೆ. ನೆಲ ನೂರಕ್ಕೆ ಒಂದರಷ್ಟು ಓರೆಯಾದರೂ ಕ್ರೇನ್ ಎತ್ತಬಹುದಾದ ತೂಕ ಇಳಿಯುತ್ತದೆ. ಅಂಚಿಗೆ ಬಂದರೆ ಇನ್ನೊಂದು ಗಂಡಾಂತರ. ನೀರುಣಿಸಿದ ಗದ್ದೆಯ ಬದುವಿನ ಮೇಲೆ ಕಬ್ಬು ತುಂಬಿದ ಟ್ರ್ಯಾಕ್ಟರ್ ಹತ್ತಿದರೆ ಬದು ಪಕ್ಕಕ್ಕೆ ಜಾರುವುದನ್ನು ಕಂಡಿದ್ದೀರಿ. ಧಕ್ಕೆಯ ಗೋಡೆಯೂ ಹಾಗೆಯೇ ಕಡಲ ಕಡೆಗೆ ಬಾಗುತ್ತದೆ.

ಯಂತ್ರ ನಿಲ್ಲಿಸುವ ಹಡಗಿಗೆ ಕಾಲುಗಳಿವೆ. ಅವನ್ನು ತಳಕ್ಕೆ ಊರಿ ಹಡಗು ನೀರಿನಿಂದ ಮೇಲೇಳುತ್ತದೆ. ಕಾಲು ಕಿತ್ತ ಮೇಲೆ ಗುಂಡಿ ಉಳಿಯುತ್ತದೆ. ಮುಂದಿನ ಹಡಗಿನ ಕಾಲು ಆ ಗುಂಡಿಯ ಅಂಚಿಗೆ ಬಿದ್ದರೆ ಒಳಕ್ಕೆ ಜಾರಿ ಬಾಗುತ್ತದೆ. ಧಕ್ಕೆಯ ಮುಂದೆ ತಳಕ್ಕೆ ಜಲ್ಲಿ ಹಾಸಿ ಆಗಾಗ ಸಮಮಾಡಬೇಕು. ಹಳೇ ಬಂದರುಗಳನ್ನು ಕಟ್ಟುವಾಗ ಈ ಲೆಕ್ಕ ಯಾರಿಗೂ ಬೇಕಿರಲಿಲ್ಲ.

ಧಕ್ಕೆಯ ಹಿಂದೆ ಯಂತ್ರದ ಭಾಗಗಳನ್ನು ಇಟ್ಟುಕೊಳ್ಳುವ ಅಂಗಳದ ವಿಷಯ ನಿಮಗೆ ಹೇಳಿಕೊಡಬೇಕಿಲ್ಲ. ಕಡಿದ ಕಬ್ಬು ಕಾರ್ಖಾನೆಯ ಗೇಟಿನಲ್ಲಿ ಕಾದಷ್ಟೂ ತೂಕವೂ ಹೋಗುತ್ತದೆ, ಇಳುವರಿಯೂ ಹೋಗುತ್ತದೆ. ಇಲ್ಲಿ ಕಾಯುವುದು ಹಡಗು, ಬಾಡಿಗೆ ದಿನಕ್ಕೆ ಕೋಟಿಯ ಲೆಕ್ಕ. ಮುಂಗಾರಿನ ಅಬ್ಬರದಲ್ಲಿ ಕಡಲ ಕೆಲಸ ನಿಲ್ಲುತ್ತದೆ. ಕಡಲು ತಣ್ಣಗಾಗುವ ಹೊತ್ತಿಗೆ ರೆಕ್ಕೆ, ಗೋಪುರದ ತುಂಡು, ಬುಡದ ಉಕ್ಕಿನ ಕೊಳವೆ ಎಲ್ಲ ಅಂಗಳದಲ್ಲಿ ಸಿದ್ಧವಿರಬೇಕು. ಅದಕ್ಕೆ ಹತ್ತಾರು ಎಕರೆ ಬೇಕು.

ಡೆನ್ಮಾರ್ಕಿನವರು 1991ರಲ್ಲಿ ವಿಂಡೆಬಿಯಲ್ಲಿ 11 ಯಂತ್ರ ನಿಲ್ಲಿಸಿದಾಗ ಒಂದೊಂದೂ 450 ಕಿಲೋವಾಟ್, ಯಾವ ಧಕ್ಕೆಯಾದರೂ ಸಾಕಿತ್ತು. ಯಂತ್ರ ಬೆಳೆದಂತೆ ಮೀನುಗಾರಿಕೆಯ ಎಸ್ಬ್ಯರ್ಗ್ ಬಂದರು ತನ್ನ ನೆಲವನ್ನೂ ಬೆಳೆಸಿಕೊಂಡಿತು. ನಮ್ಮ ಕೇಂದ್ರ ಸಂಪುಟ 2024ರ ಜೂನ್‌ನಲ್ಲಿ ಕಡಲ ಗಾಳಿಯಂತ್ರಗಳಿಗೆಂದು ಒಪ್ಪಿದ್ದು 7,453 ಕೋಟಿ. ಅದರಲ್ಲಿ ಬಂದರಿಗೆ 600 ಕೋಟಿ, ನೂರಕ್ಕೆ ಎಂಟು ರೂಪಾಯಿ. ನಿಮಗೆ ಹೆಚ್ಚೆನಿಸಿದ್ದು ನನಗೆ ತೀರಾ ಕಡಿಮೆ ಎನಿಸುತ್ತದೆ. ಯಂತ್ರಗಳ ಪಾಲು ಗುಜರಾತಿಗೆ 500 ಮೆಗಾವಾಟ್, ತಮಿಳುನಾಡಿಗೆ 500. 1902ರಲ್ಲೇ ನಿಮ್ಮ ಜಿಲ್ಲೆಯ ಶಿವನಸಮುದ್ರದಿಂದ ಕೋಲಾರದ ಗಣಿಗೆ ಕರೆಂಟು ಹರಿಸಿದ ನಾಡು ನಮ್ಮದು, ಈ ಪಟ್ಟಿಯಲ್ಲಿ ಹೆಸರಿಲ್ಲ.

ಈಗ ನಾಲೆ. ನಿಮ್ಮ ಸಿಟ್ಟು ನನ್ನದೂ ಹೌದು, ರೋಗವೂ ಅದೇ. ಕಟ್ಟೆಗೆ ಬಾಗಿನ, ಫೋಟೋ, ಶಿಲಾಫಲಕ. ಉಪನಾಲೆಯ ಹೂಳಿಗೆ, ಮುರಿದ ತೂಬಿನ ಬಾಗಿಲಿಗೆ ಕೇಳುವವರಿಲ್ಲ. ಕೊನೇ ಭಾಗದ ರೈತ ಕೆ.ಆರ್.ಎಸ್. ತುಂಬಿದ ಸುದ್ದಿ ಓದಿಕೊಂಡು ಒಣಗಿದ ಗದ್ದೆಯಲ್ಲಿ ನಿಲ್ಲುತ್ತಾನೆ. ಆ ದುಡ್ಡನ್ನು ನೀರಾವರಿಯ ಬಾಬ್ತಿನಲ್ಲೇ ಗಟ್ಟಿಯಾಗಿ ಕೇಳೋಣ, ಧಕ್ಕೆಯ ಅಡಿಪಾಯದಿಂದ ಕೀಳುವುದು ಬೇಡ. ಯಾವ ಉಪನಾಲೆ, ಎಷ್ಟನೇ ತೂಬು, ಬಾಗಿಲು ಹೋಗಿ ಎಷ್ಟು ವರ್ಷ, ಕೆಳಗೆ ಎಷ್ಟು ಎಕರೆ, ಇಷ್ಟನ್ನು ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಹಾಗೆಯೇ ಅಚ್ಚು ಹಾಕುತ್ತೇವೆ.

— ಸಂಪಾದಕ, ಮೈಸೂರು