ಆ ಎಂಟು ಪುಟಗಳನ್ನು ತೆಗೆಯಬೇಡಿ, ಟೀಚರೇ

ಓದುಗರ ಪತ್ರ: "2020ರ ಸಂಚಿಕೆಗಳನ್ನು ಬೈಂಡ್ ಮಾಡಿಸಲೆಂದು ಅಟ್ಟದಿಂದ ಇಳಿಸಿದ್ದೇನೆ. ಏಪ್ರಿಲ್‌ನಿಂದ ಆಗಸ್ಟ್‌ವರೆಗಿನ ಪ್ರತಿ ಸಂಚಿಕೆಯಲ್ಲೂ 'ಊರಿನ ಸುದ್ದಿ' ಎಂದು ಎಂಟು ಪುಟ ಹಾಕಿದ್ದೀರಿ. ನೀರು ಬಿಡುವ ದಿನ, ಪಡಿತರದ ಕ್ರಮ, ಪಾಲಿಕೆಯ ಪ್ರಕಟಣೆ, ಮಾರುಕಟ್ಟೆ ಎಲ್ಲಿಗೆ ಹೋಯಿತು ಎಂಬ ವಿವರ. ಕಥೆ, ಕವಿತೆ, ವಿಮರ್ಶೆ ಓದಲೆಂದು ಚಂದಾ ಕಟ್ಟಿದವರಿಗೆ ಪಂಚಾಯತಿಯ ನೋಟಿಸ್ ಬೋರ್ಡ್ ಏಕೆ? ಅದೂ ಹದಿನೈದು ದಿನಕ್ಕೊಮ್ಮೆ ಬರುವ ಪತ್ರಿಕೆಯಲ್ಲಿ? ಇದೆಲ್ಲ ಮೊಬೈಲಿಗೆ ಅಂದಂದೇ ಬರುತ್ತಿತ್ತು. ಈ ಪುಟಗಳನ್ನು ತೆಗೆದು ಬೈಂಡ್ ಮಾಡಿಸಲೇ? ಅಂದ ಹಾಗೆ, ಮೇ ತಿಂಗಳ ಎರಡನೆಯ ಸಂಚಿಕೆ ನನಗೆ ತಲುಪಿಯೇ ಇಲ್ಲ."
– ನಿವೃತ್ತ ಶಿಕ್ಷಕಿ, ಬಿಜೈ, ಮಂಗಳೂರು

ಸಂಪಾದಕರ ಉತ್ತರ:

ಟೀಚರೇ, ನಮ್ಮ ಪತ್ರಿಕೆಯ ಕಾಗುಣಿತ ತಪ್ಪುಗಳನ್ನು ಕೆಂಪು ಶಾಯಿಯಲ್ಲಿ ತಿದ್ದಿ ವರ್ಷಕ್ಕೆರಡು ಬಾರಿ ಕಳುಹಿಸುವ ಓದುಗರು ನೀವೊಬ್ಬರೇ. ಹಳೆಯ ಸಂಚಿಕೆಗಳನ್ನು ಬೈಂಡ್ ಮಾಡಿಸಿ ಇಡುವವರೂ ಈಗ ಬೆರಳೆಣಿಕೆಯಷ್ಟು. ಅಂಥ ನಿಮ್ಮ ಕೈಯಿಂದಲೇ ಆ ಪುಟಗಳು ಹೊರಗೆ ಬೀಳುತ್ತವೆ ಎಂದು ಓದಿದಾಗ ಮನಸ್ಸಿಗೆ ನೋವಾಯಿತು. ಆದ್ದರಿಂದ ಉತ್ತರ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ನಿಮ್ಮ ಮಾತಿನಲ್ಲಿ ಒಪ್ಪಬೇಕಾದದ್ದು ಇದೆ. ಪಾಕ್ಷಿಕವೊಂದು ನೀರು ಬಿಡುವ ದಿನವನ್ನು ಅಚ್ಚು ಹಾಕಿ ಅಂಚೆಗೆ ಕೊಡುವಷ್ಟರಲ್ಲಿ ಆ ದಿನವೇ ಬದಲಾಗಿರಬಹುದು, ಒಂದೆರಡು ಸಲ ಹಾಗೆ ಆಗಿಯೂ ಇತ್ತು. ವೇಗದಲ್ಲಿ ಮೊಬೈಲಿನ ಜೊತೆ ನಾವು ಸ್ಪರ್ಧಿಸಲಾರೆವು.

ಆದರೆ ಆ ಮೊಬೈಲಿನ ಸುದ್ದಿಗೆ ದಿನಾಂಕ ಇರುತ್ತಿತ್ತೇ? ಕೆಳಗೆ ಹೆಸರು ಇರುತ್ತಿತ್ತೇ? ಕೊರೊನಾ ಲಾಕ್‌ಡೌನಿನ ಆ ಕಾಲದಲ್ಲಿ ನಮ್ಮ ಬೀದಿಯ ಹಿರಿಯರೊಬ್ಬರು ಏಪ್ರಿಲ್ ನಡುವಿನ ಒಂದು ದಿನ ಮಧ್ಯಾಹ್ನ ಎರಡು ಗಂಟೆಗೆ ಚೀಲ ಹಿಡಿದು ಹೊರಟರು. ಅಂಗಡಿಗಳು ಮೂರು ಗಂಟೆಯವರೆಗೆ ತೆರೆದಿರುತ್ತವೆ ಎಂಬ ಆದೇಶದ ಚಿತ್ರ ಅವರ ಮೊಬೈಲಿನಲ್ಲಿತ್ತು. ಮೊಹರು, ಸಹಿ ಎಲ್ಲವೂ ನಿಜವೇ. ಆದರೆ ಅದು ಮಾರ್ಚ್ 31ರ ಒಂದೇ ದಿನದ ವ್ಯವಸ್ಥೆ. ದಿನಾಂಕ ಇದ್ದ ಮೇಲ್ಭಾಗವನ್ನು ಯಾರೋ ಕತ್ತರಿಸಿ ಕಳುಹಿಸಿದ್ದರು. ವೃತ್ತದಲ್ಲಿ ಪೊಲೀಸರು ತಡೆದರು, ಅವರು ಬಿಸಿಲಿನಲ್ಲಿ ಮರಳಿ ನಡೆದು ಬಂದರು. ನಮ್ಮ ಜಗಲಿಯಲ್ಲಿ ಕುಳಿತು ನೀರು ಕುಡಿಯುತ್ತಾ, "ಸರಿಯಾದದ್ದನ್ನು ಯಾರ ಹತ್ತಿರ ಕೇಳುವುದು?" ಎಂದರು. ಆ ಎಂಟು ಪುಟಗಳು ಹುಟ್ಟಿದ್ದು ಆ ಪ್ರಶ್ನೆಯಿಂದ. ತಿರುಗಿ ನೋಡಿ, ಪ್ರತಿಯೊಂದು ಸುದ್ದಿಯ ಕೆಳಗೂ ಅದನ್ನು ಯಾರು ಹೇಳಿದರು, ಯಾವ ದಿನ ಹೇಳಿದರು, ಬದಲಾದರೆ ಯಾರನ್ನು ಕೇಳಬೇಕು ಎಂದು ಬರೆದಿದ್ದೇವೆ.

ಆ ದಿನಗಳನ್ನು ನೆನಪಿಸಿಕೊಳ್ಳಿ. ಮಾರ್ಚ್ 25ರಿಂದ ದೇಶವೇ ಬಾಗಿಲು ಹಾಕಿತು. ತಿಂಗಳ ಕೊನೆಯಲ್ಲಿ ನಮ್ಮ ಜಿಲ್ಲೆಯಲ್ಲಿ ಮೂರು ದಿನ ಜೀನಸಿನ ಅಂಗಡಿಯನ್ನೂ ತೆರೆಯದಂತೆ ಪೂರ್ತಿ ಮುಚ್ಚಿಸಿದರು. 31ರಂದು ತೆರೆದಾಗ ಊರಿಗೆ ಊರೇ ಸಾಲಿನಲ್ಲಿ ನಿಂತಿತು. ಏಪ್ರಿಲ್‌ನಲ್ಲಿ ಸೆಂಟ್ರಲ್ ಮಾರ್ಕೆಟ್ ಮುಚ್ಚಿ ಸಗಟು ವ್ಯಾಪಾರವನ್ನು ಬೈಕಂಪಾಡಿಯ ಎಪಿಎಂಸಿ ಪ್ರಾಂಗಣಕ್ಕೆ ಕಳುಹಿಸಿದರು. ಆಗ ಟಿ.ವಿ. ಹಾಕಿದರೆ ಇಟಲಿ, ನ್ಯೂಯಾರ್ಕ್, ದೆಹಲಿ. ನಮಗೆ ಬೇಕಾಗಿದ್ದದ್ದು ಬಿಜೈಯಲ್ಲಿ ನಾಳೆ ಹಾಲು ಬರುತ್ತದೆಯೇ, ಡಯಾಲಿಸಿಸ್‌ಗೆ ಹೋಗಲು ಪಾಸ್ ಎಲ್ಲಿ ಕೊಡುತ್ತಾರೆ ಎಂಬ ಉತ್ತರ. ತಲಪಾಡಿಯಲ್ಲಿ ಕೇರಳದ ಗಡಿ ಮುಚ್ಚಿದಾಗ ಕಾಸರಗೋಡಿನ ಕಡೆಯ ನಮ್ಮ ಚಂದಾದಾರರು ಕಚೇರಿಗೆ ಕರೆ ಮಾಡಿ ಕೇಳುತ್ತಿದ್ದದ್ದೂ ಅದನ್ನೇ. ಚಿಕಿತ್ಸೆಗೆ ಮಂಗಳೂರನ್ನೇ ನಂಬಿದ ಜನ ಅವರು. ಪ್ರಕರಣ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ಇತ್ತ ಆಸ್ಪತ್ರೆಗೆ ಹೊರಟು ನಿಂತವರಿಗೆ ಇಂದು ಬೆಳಿಗ್ಗೆ ಆಂಬುಲೆನ್ಸ್ ಬಿಡುತ್ತಾರೋ ಇಲ್ಲವೋ ಎಂದು ಖಚಿತವಾಗಿ ಹೇಳುವವರಿರಲಿಲ್ಲ.

ಆಗ ನಾನು ಕಂಡ ಅತ್ಯುತ್ತಮ ಪತ್ರಿಕೆ ಯಾವುದು ಗೊತ್ತೇ? ನಮ್ಮ ಮನೆಯ ಹತ್ತಿರದ ಸೊಸೈಟಿಯ ಬಾಗಿಲಿನಲ್ಲಿ ಇಟ್ಟಿದ್ದ ಒಂದು ಹಳೆಯ ಕರಿಹಲಗೆ. ಪಡಿತರ ಕೊಡುವ ಯುವಕ ಪ್ರತಿದಿನ ಆರೂವರೆಗೆ ಬಂದು ಒದ್ದೆ ಬಟ್ಟೆಯಿಂದ ಅದನ್ನು ಒರೆಸಿ, ಮೇಲೆ ದಿನಾಂಕ, ಕೆಳಗೆ ಆ ದಿನ ಅಕ್ಕಿ ಪಡೆಯಬೇಕಾದ ಕಾರ್ಡುಗಳ ಸಂಖ್ಯೆ ಬರೆಯುತ್ತಿದ್ದ. ಎಲ್ಲರೂ ಕೇಳುವುದು ಬೆಳ್ತಿಗೆ ಎಂಬ ಬಿಳಿ ಅಕ್ಕಿಯೋ, ಕುಚ್ಚಲಕ್ಕಿಯೋ ಎಂದು. ಅದನ್ನೂ ಬರೆದು ಬಿಡುತ್ತಿದ್ದ: "ಈ ದಿನ ಬೆಳ್ತಿಗೆ ಮಾತ್ರ." ಕುಚ್ಚಲಕ್ಕಿಯ ಗಂಜಿಯಿಲ್ಲದೆ ಹೊಟ್ಟೆ ತುಂಬದವರಿಗೆ ಅದು ನಿರಾಸೆಯ ಸುದ್ದಿಯೇ. ಆದರೂ ಒಬ್ಬರೂ ಅವನ ಮೇಲೆ ರೇಗಲಿಲ್ಲ, ಹಲಗೆಯ ಮುಂದೆ ನೂಕುನುಗ್ಗಲೂ ಆಗಲಿಲ್ಲ. ಅದೇ ವಾರ ಹಲಗೆಯಿಲ್ಲದ ಇನ್ನೊಂದು ಕಡೆ ಜನ ಮೈಮೇಲೆ ಮೈ ಬಿದ್ದು ನಿಂತದ್ದನ್ನೂ ನೋಡಿದೆ. ಮಾತೇ ಆಡದೆ ಜನರನ್ನು ಅಂತರದಲ್ಲಿ ನಿಲ್ಲಿಸಿದ್ದು ಒಂದು ತುಂಡು ಸುಣ್ಣದ ಕಡ್ಡಿ. ಮೂವತ್ತು ವರ್ಷ ಕರಿಹಲಗೆಯ ಮುಂದೆ ನಿಂತವರಿಗೆ ಇದನ್ನು ನಾನು ವಿವರಿಸಬೇಕಾಗಿಲ್ಲ.

ಇನ್ನು, ಊರಿನ ಸುದ್ದಿ ಸರಿಯಾಗಿ ಸಿಗದಿದ್ದರೆ ಏನಾಗುತ್ತದೆ ಎಂಬುದಕ್ಕೆ ಏಪ್ರಿಲ್ 23ರ ರಾತ್ರಿಯೊಂದೇ ಸಾಕು. ಬಂಟ್ವಾಳದ ಹಿರಿಯ ಮಹಿಳೆಯೊಬ್ಬರು ಕೊರೊನಾದಿಂದ ತೀರಿಕೊಂಡರು. ಮಂಗಳೂರಿನ ಸುತ್ತಮುತ್ತ ಅಂತ್ಯಕ್ರಿಯೆಗೆ ಹೊರಟ ಕಡೆಯಲ್ಲೆಲ್ಲ ಜನ ಅಡ್ಡ ನಿಂತರು. ಹೊಗೆಯಿಂದ ರೋಗ ಹರಡುತ್ತದೆ, ಬೂದಿಯಿಂದ ಬಾವಿ ಕೆಡುತ್ತದೆ ಎಂಬ ಮಾತು ಅದೇ ಮೊಬೈಲುಗಳಲ್ಲಿ ಓಡುತ್ತಿತ್ತು. ಕೊನೆಗೆ ರಾತ್ರಿ ಬಿ.ಸಿ. ರೋಡಿನ ಕೈಕುಂಜೆಯಲ್ಲಿ ಚಿತೆ ಉರಿಯಿತು. ಬೆಂಕಿಯ ಆ ತಾಪದಲ್ಲಿ ವೈರಸ್ ಉಳಿಯುವುದಿಲ್ಲ, ಬೂದಿಯಿಂದ ಅಪಾಯವಿಲ್ಲ. ವೈದ್ಯರಿಗೂ ಅಧಿಕಾರಿಗಳಿಗೂ ಇದು ಗೊತ್ತಿತ್ತು. ಸ್ಮಶಾನದ ಪಕ್ಕದ ಐವತ್ತು ಮನೆಗಳಿಗೆ ಗೊತ್ತಿರಲಿಲ್ಲ, ಏಕೆಂದರೆ ಯಾರೂ ಅವರಿಗೆ ಮುಂಚಿತವಾಗಿ ಹೇಳಿರಲಿಲ್ಲ. ಸಾವು ಬರುವ ಮೊದಲೇ, ಮಾರ್ಚ್‌ನಲ್ಲಿಯೇ, ವಾರ್ಡಿನ ಸದಸ್ಯರೂ ಆರೋಗ್ಯ ನಿರೀಕ್ಷಕರೂ ಒಂದು ಹಾಳೆ ಹಿಡಿದು ಆ ಮನೆಗಳ ಗೇಟಿನ ಹೊರಗೆ ನಿಂತು ನಾಲ್ಕು ಸಾಲು ಓದಿ ಹೇಳಿದ್ದರೆ ಆ ಕುಟುಂಬಕ್ಕೆ ಅಂಥ ರಾತ್ರಿ ಬರುತ್ತಿರಲಿಲ್ಲ ಎಂದು ನಾನು ಇಂದಿಗೂ ನಂಬುತ್ತೇನೆ. ಅಡ್ಡ ನಿಂತವರನ್ನು ಬೈದು ನಾವೆಲ್ಲ ಲೇಖನ ಬರೆದೆವು. ಅವರಿಗೆ ಹೇಳುವ ಕೆಲಸ ಯಾರದಾಗಿತ್ತು ಎಂದು ಕೇಳಿದವರು ಕಡಿಮೆ.

ಸಾಹಿತ್ಯ ಪತ್ರಿಕೆಗೆ ಇದು ತಕ್ಕುದೇ ಎಂದು ಕೇಳಿದ್ದೀರಿ. ಕನ್ನಡದ ಮೊದಲ ಪತ್ರಿಕೆ ಹುಟ್ಟಿದ್ದು ನಮ್ಮ ಊರಿನಲ್ಲಿ. 1843ರ ಜುಲೈ 1ರಂದು ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಕಲ್ಲಚ್ಚಿನಲ್ಲಿ ತೆಗೆದ 'ಮಂಗಳೂರ ಸಮಾಚಾರ'. ಅದೂ ನಮ್ಮಂತೆ ಪಾಕ್ಷಿಕ. ಅದರಲ್ಲಿ ಕಥೆಯೂ ಇತ್ತು, ಸುಬುದ್ಧಿಯ ಮಾತೂ ಇತ್ತು, ಆದರೆ ಊರ ವರ್ತಮಾನಕ್ಕೆಂದೇ ಜಾಗವೂ ಇತ್ತು, ಸರಕಾರದ ನಿರೂಪಗಳಿಗೂ, ಅಂದರೆ ಆದೇಶಗಳಿಗೂ, ಇತ್ತು. ಮರುವರ್ಷವೇ ಅದು ಬಳ್ಳಾರಿಗೆ ಹೋಗಿ ಹೆಸರು ಬದಲಿಸಿಕೊಂಡಿತು. ಆದರೂ ಪ್ರತಿ ಜುಲೈ 1ರಂದು ಪತ್ರಿಕಾ ದಿನಾಚರಣೆ ಮಾಡಿ ಹಾರ ಹಾಕುತ್ತೇವೆ. ಹಾರ ಹಾಕುವ ನಾವೇ ಊರ ವರ್ತಮಾನ ಎಂದರೆ ಮೂಗು ಮುರಿಯುವುದು ನನಗೆ ಸಹಿಸಲಾಗದ ಸಂಗತಿ.

ಮತ್ತೆ 2020ಕ್ಕೆ ಬಂದರೆ, ಉಡುಪಿಯ ಕಥೆ ಇನ್ನೂ ಕಷ್ಟದ್ದು. ಮಾರ್ಚ್‌ನಲ್ಲಿ ಮೂರು ಪ್ರಕರಣ, ಆಮೇಲೆ ವಾರಗಟ್ಟಲೆ ನೆಮ್ಮದಿ. ಮೇ ತಿಂಗಳಲ್ಲಿ ಮುಂಬೈಯಿಂದ ನಮ್ಮವರು ಮರಳಿದರು. ಹೋಟೆಲುಗಳಲ್ಲಿ ಕೆಲಸ ಕಳೆದುಕೊಂಡು, ಅಲ್ಲಿನ ಬಾಡಿಗೆ ಕಟ್ಟಲಾಗದೆ ಬಂದವರು. ಶಾಲೆಗಳು ಕ್ವಾರಂಟೈನ್ ಕೇಂದ್ರಗಳಾದವು, ಜೂನ್ ಆರಂಭಕ್ಕೆ ಉಡುಪಿ ರಾಜ್ಯದ ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲೆ ಹೋಯಿತು. ಸೋಂಕು ತಗಲಿದವರಲ್ಲಿ ಹೆಚ್ಚಿನವರಿಗೆ ರೋಗಲಕ್ಷಣವೇ ಇರಲಿಲ್ಲ. ಪ್ರತಿ ಸಂಜೆ ಬರುವ ಪಟ್ಟಿಯಲ್ಲಿ ಮನುಷ್ಯರಿಗೆ ಹೆಸರಿಲ್ಲ, ಒಂದು ಸಂಖ್ಯೆ ಮಾತ್ರ. ಊರಿನವರು ಆ ಸಂಖ್ಯೆಗೆ ಹೆಸರು ಹುಡುಕಲು ಹೊರಟರು. ವರ್ಷವಿಡೀ ಹಣ ಕಳುಹಿಸಿ ದೈವಸ್ಥಾನಕ್ಕೆ ಹೆಂಚು ಹೊದಿಸಿದವನು ತನ್ನ ಊರಿನ ಶಾಲೆಯಲ್ಲಿ ಹದಿನಾಲ್ಕು ದಿನ ಮಲಗಿದ್ದಾಗ, ಅವನ ತಾಯಿಗೆ ಬಾವಿಯಿಂದ ನೀರು ಸೇದಲು ಬಿಡದ ಮನೆಗಳಿದ್ದವು. ಆ ವಾರ ನಾವು ಆ ಪುಟಗಳಲ್ಲಿ ಹಾಕಿದ್ದು ಎರಡೇ ಸಂಗತಿ. ಸೀಲ್‌ಡೌನ್ ಎಂದರೇನು, ಕ್ವಾರಂಟೈನ್ ಎಂದರೇನು, ಸೋಂಕು ದೃಢವಾಗುವುದೆಂದರೇನು, ಇವು ಮೂರೂ ಹೇಗೆ ಬೇರೆ ಎಂಬ ವಿವರಣೆ ಒಂದು. ಶಾಲೆಯಲ್ಲಿರುವವರಿಗೆ ಬೇಕಾದ ವಸ್ತುಗಳ ಪಟ್ಟಿ ಇನ್ನೊಂದು: ಚಾಪೆ, ಬಾಲ್ದಿ, ಸೊಳ್ಳೆಬತ್ತಿ, ಒಣ ಬಟ್ಟೆ. ಮಳೆ ಹಿಡಿದಿತ್ತು, ಬಟ್ಟೆ ಒಣಗುತ್ತಿರಲಿಲ್ಲ. ಆ ಪಟ್ಟಿ ಓದಿ ಹೊದಿಕೆ ಕೊಟ್ಟುಬಂದವರಿದ್ದಾರೆ. ನಮ್ಮ ಯಾವ ಕವಿತೆಯೂ ಅಷ್ಟು ಬೇಗ ಒಬ್ಬರ ಮೈ ಮುಚ್ಚಿದ್ದಿಲ್ಲ.

ತುಳುವರ ಮಳೆಗಾಲದ ತಿಂಗಳಾದ ಆಟಿಯಲ್ಲಿ ಕಳಂಜ ಎಂಬ ಜನಪದ ವೇಷಧಾರಿ ಮನೆಮನೆಗೆ ಬಂದು ಮಾರಿ ಕಳೆಯುತ್ತಾನೆ ಎಂದು ನಂಬುವ ನಾಡು ನಮ್ಮದು. ಆ ವರ್ಷ ಮಾರ್ಚ್‌ನಿಂದಲೇ ಮನೆಮನೆಗೆ ಬಂದವರು ಆಶಾ ಕಾರ್ಯಕರ್ತೆಯರು. ಯಾರ ಮನೆಯಲ್ಲಿ ಕೆಮ್ಮು, ಯಾರಿಗೆ ಸಕ್ಕರೆ ಕಾಯಿಲೆಯ ಮಾತ್ರೆ ಮುಗಿದಿದೆ ಎಂದು ಬರೆದುಕೊಂಡು, ಪಾಲಿಕೆ ಏನು ಹೇಳಿದೆ ಎಂದು ತುಳುವಿನಲ್ಲಿ, ಬ್ಯಾರಿಯಲ್ಲಿ, ಕೊಂಕಣಿಯಲ್ಲಿ ಹೇಳಿ ಹೋದವರು. ಕಳಂಜನಿಗೆ ಅಕ್ಕಿ, ತೆಂಗಿನಕಾಯಿ ಕೊಟ್ಟು ಕಳುಹಿಸುತ್ತೇವೆ. ಇವರು ಆಟಿ ತೊಡಗುವ ಹೊತ್ತಿಗೆ ತಿಂಗಳಿಗೆ 12,000 ರೂಪಾಯಿ ಗೌರವಧನ ಕೊಡಿ ಎಂದು ಮುಷ್ಕರ ಹೂಡಬೇಕಾಯಿತು. ಆ ಮುಷ್ಕರದ ಸುದ್ದಿಯೂ ನೀವು ತೆಗೆಯಬೇಕೆಂದಿರುವ ಪುಟಗಳಲ್ಲೇ ಇದೆ.

ಇಲ್ಲಿ ನನ್ನ ಹಳೆಯ ಸಂಕಟವನ್ನೂ ಹೇಳಿಬಿಡುತ್ತೇನೆ. ಊರಿನ ಆಡಳಿತವನ್ನು ಸಣ್ಣದೆಂದು ನೋಡುವ ಚಾಳಿ ಬೆಂಗಳೂರಿನಿಂದ ಹಿಡಿದು ನಮ್ಮ ಪಡಸಾಲೆಯವರೆಗೆ ಇದೆ. ಉಡುಪಿ ನಗರಸಭೆಯ 35 ವಾರ್ಡುಗಳಿಗೆ 2018ರಲ್ಲೇ ಚುನಾವಣೆ ಆಗಿತ್ತು. ಮೀಸಲಾತಿಯ ತಕರಾರು ನ್ಯಾಯಾಲಯದಲ್ಲಿದ್ದ ಕಾರಣ 2020ರ ಕೊನೆಯ ತಿಂಗಳುಗಳವರೆಗೆ ಅಧ್ಯಕ್ಷರಿಲ್ಲ. ಅಂದರೆ ಊರು ಬಾಗಿಲು ಹಾಕಿಕೊಂಡಿದ್ದ ಅಷ್ಟೂ ಕಾಲ ಗೆದ್ದ ಸದಸ್ಯರಿದ್ದರು, ಅವರು ಕುಳಿತು ತೀರ್ಮಾನಿಸುವ ಸಭೆ ಇರಲಿಲ್ಲ. ಮಂಗಳೂರಿನಲ್ಲಿ 60 ವಾರ್ಡುಗಳಿಗೆ 2019ರ ನವೆಂಬರ್‌ನಲ್ಲಿ ಮತದಾನ, ಮೇಯರ್ ಆಯ್ಕೆ 2020ರ ಫೆಬ್ರವರಿ ಕೊನೆಗೆ. ತಿಂಗಳು ತುಂಬುವುದರೊಳಗೆ ಲಾಕ್‌ಡೌನ್. ಗ್ರಾಮ ಪಂಚಾಯತಿಗಳ ಅವಧಿ ಅದೇ ವರ್ಷದ ನಡುವಿನಲ್ಲಿ ಮುಗಿಯಿತು, ಚುನಾವಣೆ ನಡೆದದ್ದು ಡಿಸೆಂಬರ್‌ನಲ್ಲಿ. ಅಧಿಕಾರಿಗಳು ದುಡಿದರು, ನಾನು ಇಲ್ಲ ಎನ್ನುವುದಿಲ್ಲ. ಆದರೆ ಅಧಿಕಾರಿ ಆದೇಶ ಹೊರಡಿಸುತ್ತಾರೆ, ವಾರ್ಡಿನ ಸದಸ್ಯರ ಬಾಗಿಲನ್ನು ರಾತ್ರಿ ಒಂಬತ್ತಕ್ಕೂ ತಟ್ಟಬಹುದು. 74ನೆಯ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದಾಗಲೇ ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನರಿರುವ ನಗರಗಳಿಗೆ ವಾರ್ಡ್ ಸಮಿತಿ ಬೇಕೆಂದು ಸಂವಿಧಾನದಲ್ಲಿ ಬರೆದಾಗಿದೆ. 2020ರ ಮಾರ್ಚ್‌ನಲ್ಲಿ ಮಂಗಳೂರಿನ ಪ್ರತಿ ವಾರ್ಡಿನಲ್ಲಿ ಅಂಥ ಹತ್ತು ಜನ ಕೂಡಿ ಕೆಲಸ ಮಾಡುವ ಅಭ್ಯಾಸ ಇದ್ದಿದ್ದರೆ ಎಷ್ಟು ಮುದುಕರಿಗೆ ಮಾತ್ರೆ ಹೊತ್ತಿಗೆ ಸರಿಯಾಗಿ ತಲುಪುತ್ತಿತ್ತು!

ಪತ್ರಿಕೆಗಳ ಪಾಲೂ ಇದರಲ್ಲಿದೆ. ಪಾಲಿಕೆಯ ಸಭೆಯಲ್ಲಿ ಮೈಕ್ ಕಿತ್ತುಕೊಂಡರೆ ಚಿತ್ರಸಹಿತ ನಾಲ್ಕು ಕಾಲಂ, ಒಳಚರಂಡಿಗೆ ಹಣ ತೆಗೆದಿಟ್ಟರೆ ನಾಲ್ಕು ಸಾಲು. ಆ ನಾಲ್ಕು ಸಾಲಾದರೂ ಅರ್ಥವಾಗುವಂತಿರಬೇಕಲ್ಲ? "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಉಲ್ಲೇಖಿತ ಆದೇಶದನ್ವಯ" ಎಂದು ಶುರುವಾಗುವ ಪ್ರಕಟಣೆಯನ್ನು ಬೆಂಗ್ರೆಯ ಮೀನು ಮಾರುವ ಅಕ್ಕನ ಮುಂದೆ ಓದಿ ನೋಡಿ. ನಾನು ಓದಿದ್ದೇನೆ. ಅವರು ಕೊನೆಯವರೆಗೂ ತಾಳ್ಮೆಯಿಂದ ಕೇಳಿ, "ಹಾಗಾದರೆ ನಾಳೆ ದಕ್ಕೆಗೆ (ಮೀನುಗಾರಿಕಾ ಬಂದರಿಗೆ) ಹೋಗಬಹುದೋ, ಬೇಡವೋ?" ಎಂದರು. ಆ ಎಂಟು ಪುಟಗಳಿಗಾಗಿ ನಮ್ಮ ಇಬ್ಬರು ಉಪಸಂಪಾದಕರು ಇಂಥ ಪ್ರಕಟಣೆಗಳನ್ನೆಲ್ಲ ಹೋಗಬಹುದು, ಹೋಗಬಾರದು ಎಂಬ ಕನ್ನಡಕ್ಕೆ ತಂದರು. ಕನ್ನಡ ಗದ್ಯದ ಕೆಲಸ ಅದೂ ಹೌದು, ಟೀಚರೇ. ಮಕ್ಕಳಿಗೆ ಪತ್ರಲೇಖನ ಕಲಿಸಿದ ನೀವು ಅದರಲ್ಲಿ ಒಂದು ವಾಕ್ಯಕ್ಕಾದರೂ ಸರಿ ಎಂದು ಗುರುತು ಹಾಕಿದ್ದರೆ ಅವರಿಬ್ಬರೂ ಹಿಗ್ಗುತ್ತಿದ್ದರು.

ಕಾಲ ಕಳೆದಂತೆ ಆ ಪುಟಗಳ ಬೆಲೆ ಹೆಚ್ಚುತ್ತದೆ. ಮೊಬೈಲಿಗೆ ಬಂದದ್ದೆಲ್ಲ ಮೊಬೈಲಿನೊಂದಿಗೇ ಹೋಯಿತು, ಕರಿಹಲಗೆಯನ್ನು ಅಂದೇ ಒರೆಸಿದರು. ನಿಮ್ಮ ಮೊಮ್ಮಕ್ಕಳ ಕಾಲದಲ್ಲಿ ಯಾರಾದರೂ 2020ರಲ್ಲಿ ಬಿಜೈಯ ಜನ ಹೇಗೆ ಬದುಕಿದರು ಎಂದು ಹುಡುಕಿದರೆ, ಆ ವರ್ಷದ ನಮ್ಮ ವಿಮರ್ಶೆಗಳಿಂದ ಅವರಿಗೆ ಏನೂ ಸಿಗುವುದಿಲ್ಲ. ಯಾವ ದಿನ ನಲ್ಲಿಯಲ್ಲಿ ನೀರು ಬಂತು, ತರಕಾರಿ ಎಲ್ಲಿಂದ ಬಂತು, ಯಾರು ಹೊತ್ತು ತಂದರು ಎಂಬುದು ಆ ಎಂಟು ಪುಟಗಳಲ್ಲಿದೆ.

ಆದ್ದರಿಂದ ಅವನ್ನು ಸೇರಿಸಿಯೇ ಬೈಂಡ್ ಮಾಡಿಸಿ. ನಿಮ್ಮ ಮನೆಯಲ್ಲಿ ಆಗಿನ ಪಾಸ್, ಗೇಟಿಗೆ ಅಂಟಿಸಿದ್ದ ಚೀಟಿ, ಕೈಬರಹದ ಸೂಚನೆ ಏನಾದರೂ ಉಳಿದಿದ್ದರೆ ಅದನ್ನೂ ಆಯಾ ತಿಂಗಳ ಸಂಚಿಕೆಯ ನಡುವೆ ಹೊಲಿಸಿ. ಮೇ ತಿಂಗಳ ಎರಡನೆಯ ಸಂಚಿಕೆ ತಲುಪದಿದ್ದದ್ದಕ್ಕೆ ಕ್ಷಮೆ ಇರಲಿ. ಕ್ವಾರಂಟೈನ್ ಕೇಂದ್ರಗಳ ಪಟ್ಟಿ ಇದ್ದದ್ದು ಅದರಲ್ಲೇ. ಕಚೇರಿಯಲ್ಲಿ ಎರಡು ಪ್ರತಿ ಉಳಿದಿದ್ದವು, ಒಂದನ್ನು ಇಂದಿನ ಅಂಚೆಗೆ ಹಾಕಿದ್ದೇನೆ. ಅದು ಕೈ ಸೇರುವವರೆಗೆ ಬೈಂಡಿಂಗಿನವರಿಗೆ ಕಟ್ಟು ಕೊಡಬೇಡಿ.